ಒಬ್ಬನೇ ಸ್ಪೈಡರ್‌ಮ್ಯಾನ್, ಎರಡು ಸಿನಿಮಾ: ತಾಳೆ ಹಾಕಿ ನೋಡುವುದು ಹೇಗೆ?

ಎರಡು ಸಿನಿಮಾ ಹೋಲಿಸಿ ಬರೆಯೋಣ ಅಂತ ಕೂತ ತಕ್ಷಣ ತಲೆಗೆ ಬರುವ ಪ್ರಶ್ನೆ ಒಂದೇ. ಯಾವುದು ಚೆನ್ನಾಗಿದೆ? ಆ ಪ್ರಶ್ನೆಯನ್ನು ಸ್ವಲ್ಪ ಹೊತ್ತು ಪಕ್ಕಕ್ಕಿಡಿ. ಅದಕ್ಕೆ ಉತ್ತರ ನಿಮ್ಮ ಹತ್ತಿರ ಆಗಲೇ ಇರುತ್ತದೆ. ಚಿಕ್ಕವರಿದ್ದಾಗ ಯಾವುದನ್ನು ನೋಡಿದ್ದಿರೋ ಅದೇ ನಿಮ್ಮ ಮನಸ್ಸಿನಲ್ಲಿ ಗೆದ್ದು ಕೂತಿರುತ್ತದೆ. ಹಾಗೆ ಶುರು ಮಾಡಿದರೆ ಉಳಿದ ಬರಹವೆಲ್ಲ ಆ ತೀರ್ಪಿಗೆ ಸಾಕ್ಷಿ ಹುಡುಕುವ ಕೆಲಸ ಆಗಿಬಿಡುತ್ತದೆ.

ನಾನು ಮಾಡುವುದು ಬೇರೆ. ಎರಡೂ ಸಿನಿಮಾದಲ್ಲಿ ಇರುವ ಒಂದೇ ಒಂದು ಘಟನೆ ಹಿಡಿಯುತ್ತೇನೆ. ಅದು ಮೂಲ ಕಾಮಿಕ್ಸ್‌ನಲ್ಲಿ ಹೇಗಿತ್ತು, ಇವರು ಹೇಗೆ ಬದಲಾಯಿಸಿದರು, ಆ ಬದಲಾವಣೆಯಿಂದ ಹೀರೊ ಯಾವ ಥರದ ಮನುಷ್ಯ ಆದ ಅಂತ ನೋಡುತ್ತೇನೆ. ಇಷ್ಟು ಮಾಡಿದರೆ ಹೋಲಿಕೆ ಮುಕ್ಕಾಲು ಪಾಲು ಮುಗಿದ ಹಾಗೆ. ಉದಾಹರಣೆಗೆ ಸ್ಯಾಮ್ ರೈಮಿ ನಿರ್ದೇಶನದ 2002ರ ‘ಸ್ಪೈಡರ್‌ಮ್ಯಾನ್’ ಮತ್ತು ಮಾರ್ಕ್ ವೆಬ್ ನಿರ್ದೇಶನದ 2012ರ ‘ದಿ ಅಮೇಝಿಂಗ್ ಸ್ಪೈಡರ್‌ಮ್ಯಾನ್’ ತೆಗೆದುಕೊಳ್ಳೋಣ. ಎರಡರ ಕಥೆಯನ್ನೂ ಕೊನೆಯವರೆಗೆ ಬಿಚ್ಚಿಡುತ್ತೇನೆ. ಇನ್ನೂ ನೋಡಿಲ್ಲ ಅಂದರೆ ನೋಡಿ ಬಂದು ಓದಿ.

ಜೋಡಿ ಆರಿಸುವುದು

ಹೀರೊ ಒಬ್ಬನೇ ಆಗಿದ್ದರೆ ಸಾಲದು, ಅವನ ಬದುಕಿನ ಅದೇ ಘಟ್ಟ ಎರಡರಲ್ಲೂ ಇರಬೇಕು. ಒಬ್ಬ ನಿರ್ದೇಶಕನ ಮೊದಲ ಭಾಗವನ್ನು ಇನ್ನೊಬ್ಬನ ಮೂರನೇ ಭಾಗದ ಪಕ್ಕ ಇಟ್ಟರೆ ತಕ್ಕಡಿಯೇ ಸರಿ ಇರುವುದಿಲ್ಲ. ನಮ್ಮ ಎರಡೂ ಸಿನಿಮಾ ಪೀಟರ್ ಪಾರ್ಕರ್‌ಗೆ ಜೇಡ ಕಚ್ಚುವುದರಿಂದ ಹಿಡಿದು ಅವನು ಮುಖವಾಡಕ್ಕೆ ಒಗ್ಗಿಕೊಳ್ಳುವವರೆಗಿನ ಕಥೆಯನ್ನೇ ಹೇಳುತ್ತವೆ. ಹತ್ತೇ ವರ್ಷದ ಅಂತರ. ಇದಕ್ಕಿಂತ ಒಳ್ಳೆಯ ಜೋಡಿ ಸಿಗುವುದು ಕಷ್ಟ.

ಇನ್ನೊಂದು ಜೋಡಿ ಬೇಕಾದರೆ 1978ರ ‘ಸೂಪರ್‌ಮ್ಯಾನ್’ ಮತ್ತು 2013ರ ‘ಮ್ಯಾನ್ ಆಫ್ ಸ್ಟೀಲ್’ ಇವೆ. ಎರಡರಲ್ಲೂ ಸಾಕಿದ ಅಪ್ಪ ಜೊನಾಥನ್ ಕೆಂಟ್ ಸಾಯುತ್ತಾನೆ. ಮೊದಲನೆಯದರಲ್ಲಿ ಹೃದಯಾಘಾತ. ಅಷ್ಟೆಲ್ಲ ಶಕ್ತಿ ಇದ್ದರೂ ಮಗನ ಕೈಯಲ್ಲಿ ಏನೂ ಆಗುವುದಿಲ್ಲ. ಎರಡನೆಯದರಲ್ಲಿ ಸುಂಟರಗಾಳಿ. ಮಗ ಉಳಿಸಬಲ್ಲ, ಆದರೆ ಗುಟ್ಟು ಬಯಲಾಗಬಾರದು ಅಂತ ಅಪ್ಪನೇ ಕೈ ಎತ್ತಿ ಬರಬೇಡ ಅನ್ನುತ್ತಾನೆ. ಸಾವು ಒಂದೇ, ಆದರೆ ಇಬ್ಬರು ಮಕ್ಕಳು ಹೊತ್ತು ನಡೆಯುವ ಭಾರ ಬೇರೆ ಬೇರೆ. ಹುಡುಕಬೇಕಾಗಿರುವುದು ಇಂಥದ್ದನ್ನೇ.

ಮೊದಲು ಮೂಲ ಓದಿ

ಅರವತ್ತು ವರ್ಷದ ಕಾಮಿಕ್ಸ್ ಎಲ್ಲ ಓದಿ ಅಂತ ಯಾರೂ ಹೇಳುವುದಿಲ್ಲ. ಸ್ಪೈಡರ್‌ಮ್ಯಾನ್ ಹುಟ್ಟಿದ ಕಥೆ ಇರುವುದು ಬರೀ 11 ಪುಟ. 1962ರ ಆಗಸ್ಟ್ ತಿಂಗಳ ‘ಅಮೇಝಿಂಗ್ ಫ್ಯಾಂಟಸಿ’ 15ನೇ ಸಂಚಿಕೆ. ಬರೆದವರು ಸ್ಟಾನ್ ಲೀ, ಚಿತ್ರ ಸ್ಟೀವ್ ಡಿಟ್ಕೊ. ಒಂದು ಟೀ ಕುಡಿಯುವಷ್ಟರಲ್ಲಿ ಓದಿ ಮುಗಿಸಬಹುದು.

ಓದುವಾಗ ಘಟನೆಗಳನ್ನು ಮಾತ್ರ ಬರೆದುಕೊಳ್ಳಿ, ಅಭಿಪ್ರಾಯ ಬೇಡ. ನನ್ನ ಟಿಪ್ಪಣಿ ಪುಸ್ತಕದಲ್ಲಿ ಇರುವುದು ಹೀಗೆ: ವಿಜ್ಞಾನ ಪ್ರದರ್ಶನದಲ್ಲಿ ವಿಕಿರಣ ತಗುಲಿದ ಜೇಡ ಕಚ್ಚುತ್ತದೆ. ಪೀಟರ್ ಕುಸ್ತಿಗೆ ಇಳಿದು ಗೆಲ್ಲುತ್ತಾನೆ, ಟಿವಿಯಲ್ಲಿ ಹೆಸರು ಮಾಡುತ್ತಾನೆ. ಸ್ಟುಡಿಯೋದಲ್ಲಿ ಒಬ್ಬ ಕಳ್ಳ ಎದುರಿಗೇ ಓಡಿಹೋಗುತ್ತಾನೆ, ಪೊಲೀಸ್ ಕೂಗಿದರೂ ಪೀಟರ್ ಹಿಡಿಯುವುದಿಲ್ಲ, ಅದು ನಿಮ್ಮ ಕೆಲಸ ಅನ್ನುತ್ತಾನೆ. ಕೆಲವು ದಿನ ಆದಮೇಲೆ ಮನೆಗೆ ನುಗ್ಗಿದ ಕಳ್ಳ ಪೀಟರ್‌ನನ್ನು ಸಾಕಿದ ಬೆನ್ ಅಂಕಲ್‌ನನ್ನು ಕೊಲ್ಲುತ್ತಾನೆ. ಪೀಟರ್ ಬೆನ್ನಟ್ಟಿ ಹಿಡಿದು ಮುಖ ನೋಡುತ್ತಾನೆ. ಅದೇ ಕಳ್ಳ.

ಇಲ್ಲಿ ಒಂದು ವಿಷಯ ಗಮನಿಸಿ. ದೊಡ್ಡ ಶಕ್ತಿಯ ಜೊತೆ ದೊಡ್ಡ ಜವಾಬ್ದಾರಿಯೂ ಬರುತ್ತದೆ ಅನ್ನುವ ಮಾತು ಎಲ್ಲರಿಗೂ ಬಾಯಿಪಾಠ. ಅದನ್ನು ಬೆನ್ ಅಂಕಲ್ ಹೇಳಿದ್ದು ಅಂತಲೇ ನಾನೂ ತುಂಬಾ ವರ್ಷ ನಂಬಿದ್ದೆ. ಆದರೆ ಈ 11 ಪುಟದಲ್ಲಿ ಬೆನ್ ಅದನ್ನು ಹೇಳುವುದೇ ಇಲ್ಲ. ಅದು ಕೊನೆಯ ಪ್ಯಾನೆಲ್‌ನಲ್ಲಿ, ಅಂದರೆ ಕೊನೆಯ ಚಿತ್ರದ ಚೌಕದಲ್ಲಿ, ಪೀಟರ್ ಒಬ್ಬನೇ ಕತ್ತಲಲ್ಲಿ ನಡೆದು ಹೋಗುವಾಗ, ಕಥೆ ಹೇಳುವವರ ಮಾತಾಗಿ ಬರುತ್ತದೆ. ಅಂದರೆ ಹುಡುಗನಿಗೆ ಯಾರೂ ಮೊದಲೇ ಬುದ್ಧಿ ಹೇಳಿರಲಿಲ್ಲ, ಎಲ್ಲ ಕಳೆದುಕೊಂಡ ಮೇಲೆ ತಾನೇ ತಿಳಿದುಕೊಂಡ. ಇದು ಗೊತ್ತಿಲ್ಲದೆ ಹೋದರೆ ಎರಡೂ ಸಿನಿಮಾ ಈ ಮಾತನ್ನು ಏನು ಮಾಡಿದವು ಅನ್ನುವುದೇ ನಿಮಗೆ ಕಾಣಿಸುವುದಿಲ್ಲ.

ನೋಡುವ ಕ್ರಮ

ನಿಮಗೆ ಇಷ್ಟವಾದ ಸಿನಿಮಾವನ್ನು ಎರಡನೆಯದಾಗಿ ನೋಡಿ. ಅದನ್ನೇ ಮೊದಲು ನೋಡಿದರೆ ಇನ್ನೊಂದು ಪ್ರತಿ ಸೀನಿನಲ್ಲೂ ಕಮ್ಮಿ ಅನ್ನಿಸುತ್ತಾ ಹೋಗುತ್ತದೆ. ಒಂದೇ ದಿನ ಎರಡನ್ನೂ ನೋಡಬೇಡಿ, ಮಧ್ಯೆ ಒಂದು ರಾತ್ರಿ ಬಿಡಿ. ಎರಡೂ ಮುಗಿದ ಮೇಲೆ ಆರಿಸಿಕೊಂಡ ಸೀನನ್ನು ಮಾತ್ರ ಮತ್ತೆ ಹಾಕಿ, ನಿಲ್ಲಿಸಿ ನಿಲ್ಲಿಸಿ ನೋಡಿ. ಒಂದು ಸಲ ಶಬ್ದ ಪೂರ್ತಿ ತೆಗೆದು ನೋಡಿ. ನಟನ ಮೈಯಲ್ಲಿ ಏನು ನಡೆಯುತ್ತಿದೆ ಅನ್ನುವುದು ಆಗ ಕಾಣುತ್ತದೆ.

ಒಂದು ಸೀನ್, ಹತ್ತಿರದಿಂದ

ನಾನು ಆರಿಸಿಕೊಂಡಿದ್ದು ಕಳ್ಳನನ್ನು ಬಿಟ್ಟುಬಿಡುವ ಕ್ಷಣ. ಈ ಕಥೆಯ ಬೇರು ಅಲ್ಲೇ ಇದೆ. ಜೇಡ ಕಚ್ಚಿದ್ದರಿಂದ ಶಕ್ತಿ ಬಂತು ನಿಜ, ಆದರೆ ಸ್ಪೈಡರ್‌ಮ್ಯಾನ್ ಹುಟ್ಟಿದ್ದು ಒಬ್ಬನನ್ನು ಹಿಡಿಯದೆ ಬಿಟ್ಟಿದ್ದರಿಂದ.

2002ರಲ್ಲಿ ಪೀಟರ್ ಆಗಿ ಟೋಬಿ ಮಗ್ವಾಯರ್. ಲೈಬ್ರರಿಗೆ ಹೋಗುತ್ತೇನೆ ಅಂತ ಮನೆಯಲ್ಲಿ ಸುಳ್ಳು ಹೇಳಿರುತ್ತಾನೆ. ಬೆನ್ ಅಂಕಲ್, ಅಂದರೆ ಕ್ಲಿಫ್ ರಾಬರ್ಟ್‌ಸನ್, ಕಾರಿನಲ್ಲಿ ಬಿಡಲು ಬಂದು ಆ ಪ್ರಸಿದ್ಧ ಮಾತು ಹೇಳುತ್ತಾನೆ. ಪೀಟರ್ ಸಿಡುಕುತ್ತಾನೆ, ನೀನು ನನ್ನ ಅಪ್ಪ ಅಲ್ಲ ಅನ್ನುವ ಅರ್ಥದಲ್ಲಿ ಮಾತಾಡುತ್ತಾನೆ. ಆಮೇಲೆ ಕುಸ್ತಿ. ಮೂರು ನಿಮಿಷ ನಿಂತರೆ 3000 ಡಾಲರ್ ಅಂತ ಜಾಹೀರಾತು. ಇವನು ಎದುರಾಳಿಯನ್ನು ಎರಡೇ ನಿಮಿಷಕ್ಕೆ ಕೆಡವಿದ ಅನ್ನುವ ನೆಪ ತೆಗೆದು ಮಾಲೀಕ ಕೈಗೆ 100 ಡಾಲರ್ ಇಡುತ್ತಾನೆ. ನನಗೆ ದುಡ್ಡು ಬೇಕು ಅಂದರೆ, ಅದು ನನ್ನ ಸಮಸ್ಯೆ ಹೇಗಾಗುತ್ತದೆ ಅನ್ನುವ ಹಾಗೆ ಉತ್ತರ. ಮರುನಿಮಿಷವೇ ಒಬ್ಬ ಕಳ್ಳ ಅದೇ ಮಾಲೀಕನ ದುಡ್ಡು ದೋಚಿ ಓಡಿ ಬರುತ್ತಾನೆ. ಪೀಟರ್ ಪಕ್ಕಕ್ಕೆ ಸರಿದು ಲಿಫ್ಟಿಗೆ ದಾರಿ ಬಿಡುತ್ತಾನೆ. ಯಾಕೆ ಹಿಡಿಯಲಿಲ್ಲ ಅಂತ ಮಾಲೀಕ ಕೇಳಿದಾಗ, ಅವನ ಮಾತನ್ನೇ ಒಂದಕ್ಷರ ಬಿಡದೆ ಅವನಿಗೆ ತಿರುಗಿಸುತ್ತಾನೆ.

ಈಗ 2012. ಆಂಡ್ರ್ಯೂ ಗಾರ್ಫೀಲ್ಡ್‌ನ ಪೀಟರ್ ಮನೆಯಲ್ಲಿ ಜಗಳ ಆಡಿ, ಬಾಗಿಲು ಜೋರಾಗಿ ಎಳೆದು ಹೊರಗೆ ಬಂದಿರುತ್ತಾನೆ. ಬೆನ್‌ನ ಹೆಂಡತಿ ಮೇ ಆಂಟಿಯನ್ನು ಕರೆದುಕೊಂಡು ಬರುವುದನ್ನು ಮರೆತಿದ್ದಕ್ಕೆ ಬೆನ್, ಅಂದರೆ ಮಾರ್ಟಿನ್ ಶೀನ್, ಬೈದಿರುತ್ತಾನೆ. ಅಂಗಡಿಯಲ್ಲಿ ಒಂದು ಚಾಕೊಲೇಟ್ ಹಾಲು. ಎರಡು ಸೆಂಟ್ ಕಮ್ಮಿ. ಅಂಗಡಿಯವನು ಕೊಡುವುದಿಲ್ಲ, ಅದು ಅಂಗಡಿಯ ನಿಯಮ ಅನ್ನುತ್ತಾನೆ. ಹಿಂದೆ ನಿಂತಿದ್ದ ಕಳ್ಳ ಗಲ್ಲಾದಿಂದ ದುಡ್ಡು ಎತ್ತಿಕೊಂಡು, ಹೋಗುವಾಗ ಆ ಹಾಲನ್ನು ಪೀಟರ್ ಕಡೆ ಎಸೆಯುತ್ತಾನೆ. ಅಂಗಡಿಯವನು ಸಹಾಯ ಕೇಳಿದರೆ, ಅದು ನನ್ನ ನಿಯಮ ಅಲ್ಲ ಅಂತ ಪೀಟರ್ ಹೊರಟುಹೋಗುತ್ತಾನೆ. ಮಗನ ಹಾಗೆ ಸಾಕಿದ ಹುಡುಗನನ್ನು ಹುಡುಕುತ್ತಾ ಬೀದಿಗೆ ಬಂದ ಬೆನ್ ಆ ಕಳ್ಳನಿಗೇ ಎದುರಾಗುತ್ತಾನೆ, ಗನ್‌ಗಾಗಿ ಕಿತ್ತಾಟ ಆಗುತ್ತದೆ, ಗುಂಡು ಹಾರುತ್ತದೆ.

ಎರಡರಲ್ಲೂ ಚಿತ್ರಕಥೆಯ ತಂತ್ರ ಒಂದೇ ಅನ್ನುವುದನ್ನು ಗಮನಿಸಿದಿರಾ? ತನಗೆ ಅವಮಾನ ಮಾಡಿದವನ ಮಾತನ್ನು ಪೀಟರ್ ಅವನಿಗೇ ವಾಪಸ್ ಕೊಡುತ್ತಾನೆ. ಕಾಮಿಕ್ಸ್‌ನಲ್ಲಿ ಇದು ಇಲ್ಲ. ಅಲ್ಲಿ ಪೀಟರ್ ಕಳ್ಳನನ್ನು ಬಿಡುವುದು ಹೆಸರು ಬಂದ ಸೊಕ್ಕಿನಿಂದ, ಅವನಿಗೆ ಯಾರೂ ಮೋಸ ಮಾಡಿರುವುದಿಲ್ಲ. ಅಂದರೆ ಎರಡೂ ಸಿನಿಮಾ ಹುಡುಗನ ತಪ್ಪಿಗೆ ಒಂದು ಕಾರಣ ಕೊಟ್ಟು ಅದನ್ನು ಸ್ವಲ್ಪ ಹಗುರ ಮಾಡಿವೆ. ನಾವು ಅವನ ಜಾಗದಲ್ಲಿದ್ದರೂ ಹಾಗೇ ಮಾಡುತ್ತಿದ್ದೆವೇನೋ ಅನ್ನಿಸುತ್ತದೆ. ಕಾಮಿಕ್ಸ್‌ನ ಪೀಟರ್ ಬಗ್ಗೆ ಹಾಗೆ ಅನ್ನಿಸುವುದಿಲ್ಲ, ಅವನು ನಿಜಕ್ಕೂ ತಪ್ಪು ಮಾಡಿದ್ದಾನೆ.

ಇನ್ನು ವ್ಯತ್ಯಾಸ. 2002ರಲ್ಲಿ ಮೋಸ ದೊಡ್ಡದು, ಸೇಡು ಸಿಹಿಯಾಗಿದೆ, ನೋಡುವ ನಾವೂ ಒಳಗೊಳಗೆ ಖುಷಿ ಪಡುತ್ತೇವೆ. ಆ ಖುಷಿ ನಮ್ಮ ಬಾಯಲ್ಲಿ ಇರುವಾಗಲೇ ಬೆನ್ ರಸ್ತೆಯಲ್ಲಿ ಬಿದ್ದಿರುತ್ತಾನೆ. ತಪ್ಪಿನಲ್ಲಿ ನಮಗೂ ಪಾಲು ಸಿಗುತ್ತದೆ, ಅದೇ ಈ ಸೀನಿನ ಶಕ್ತಿ. ಆಮೇಲೆ ಪೀಟರ್ ಗೋದಾಮಿಗೆ ಹೋಗಿ ಕಳ್ಳನ ಮುಖ ನೋಡುತ್ತಾನೆ, ನೆನಪಾಗುತ್ತದೆ, ಕಳ್ಳ ಎಡವಿ ಕಿಟಕಿಯಿಂದ ಬಿದ್ದು ಸಾಯುತ್ತಾನೆ. ಪಾಠ ಕಲಿತದ್ದಾಯಿತು, ಬಾಗಿಲು ಮುಚ್ಚಿತು.

2012ರಲ್ಲಿ ಎರಡು ಸೆಂಟ್‌ನ ಜಗಳ. ಸಣ್ಣ ವಿಷಯಕ್ಕೆ ದೊಡ್ಡ ಬೆಲೆ, ಬದುಕಿನಲ್ಲಿ ಆಗುವುದೂ ಹೀಗೇ ಅಲ್ವಾ. ಇದು ಜಾಸ್ತಿ ನಿಜ ಅನ್ನಿಸುತ್ತದೆ. ಕಳ್ಳನ ಕೈಮೇಲೆ ನಕ್ಷತ್ರದ ಹಚ್ಚೆ ಇದೆ ಅನ್ನುವ ಸುಳಿವು ಹಿಡಿದು ಪೀಟರ್ ಅಂಥವರನ್ನೆಲ್ಲ ಬೇಟೆ ಆಡುತ್ತಾನೆ. ಅಂದರೆ ಈ ಪೀಟರ್ ಮುಖವಾಡ ಹಾಕಿದ್ದು ಮೊದಲಿಗೆ ಜವಾಬ್ದಾರಿಯಿಂದಲ್ಲ, ಸೇಡಿನಿಂದ. ಇದು ಒಳ್ಳೆಯ ಯೋಚನೆ. ಆದರೆ ಆ ಕಳ್ಳ ಕೊನೆಗೂ ಸಿಗುವುದೇ ಇಲ್ಲ, ಅರ್ಧ ದಾರಿಯಲ್ಲಿ ಸಿನಿಮಾ ಆ ಎಳೆಯನ್ನು ಕೈಬಿಡುತ್ತದೆ. ಸೇಡು ಬಿಡುವುದೇ ಬೆಳೆಯುವುದು ಅಂತ ಹೇಳಲು ಹೊರಟಿದ್ದರೆ ಅದಕ್ಕೊಂದು ಸೀನ್ ಬೇಕಿತ್ತು. ನನ್ನ ಪ್ರಕಾರ ಈ ಸಿನಿಮಾ ಸೋತಿದ್ದು ಇಲ್ಲೇ.

ಬೆನ್‌ನ ಮಾತೂ ನೋಡಿ. 2002ರಲ್ಲಿ ಅದು ಹಾಗೇ ಬಂತು, ಆದರೆ ಸಾಯುವ ಮೊದಲೇ, ಬುದ್ಧಿಮಾತಾಗಿ. 2012ರ ಬೆನ್ ಅದೇ ಅರ್ಥವನ್ನು ಜಗಳದ ಮಧ್ಯೆ ಸುತ್ತಿಬಳಸಿ ಹೇಳುತ್ತಾನೆ, ಆ ಪ್ರಸಿದ್ಧ ಸಾಲು ಬಾಯಿಗೆ ಬರುವುದೇ ಇಲ್ಲ. ಬದಲಿಗೆ ಅವನು ಫೋನಿನಲ್ಲಿ ಬಿಟ್ಟ ಧ್ವನಿಯನ್ನು ಪೀಟರ್ ಸಿನಿಮಾದ ಕೊನೆಯಲ್ಲಿ ಕೇಳಿಸಿಕೊಳ್ಳುತ್ತಾನೆ. ಸತ್ತವನ ಮಾತು ತಡವಾಗಿ ಕಿವಿಗೆ ಬೀಳುವುದು 1962ರ ಕೊನೆಯ ಪ್ಯಾನೆಲ್‌ಗೆ ಹೆಚ್ಚು ಹತ್ತಿರ. ಸಾಲು ಬಿಟ್ಟವರು ಅದರ ಜಾಗವನ್ನು ಉಳಿಸಿಕೊಂಡರು. ಸೀನ್ ನಿಲ್ಲಿಸಿ ನೋಡದಿದ್ದರೆ ಇದು ನನಗೂ ಹೊಳೆಯುತ್ತಿರಲಿಲ್ಲ.

ಬದಲಾವಣೆ ಕಂಡ ತಕ್ಷಣ ತಪ್ಪು ಅನ್ನಬೇಡಿ

ಮೂಲದಲ್ಲಿ ಹೀಗಿರಲಿಲ್ಲ ಅನ್ನುವುದು ವಿಮರ್ಶೆ ಅಲ್ಲ, ಬರೀ ಮಾಹಿತಿ. ಆ ಬದಲಾವಣೆ ಏನು ಕೆಲಸ ಮಾಡಿತು ಅಂತ ಕೇಳಿ. 1962ರಲ್ಲಿ ಜನರಿಗೆ ಅಣುಬಾಂಬಿನ ಭಯ, ಅದಕ್ಕೇ ವಿಕಿರಣದ ಜೇಡ. 2002ರ ಹೊತ್ತಿಗೆ ಜೀನ್ ಬಗ್ಗೆ ಮಾತು ಜೋರಾಗಿತ್ತು, ಜೇಡವೂ ಪ್ರಯೋಗಾಲಯದಲ್ಲಿ ಜೀನ್ ಬದಲಿಸಿದ್ದು.

ಬಲೆಯ ವಿಷಯ ಇನ್ನೂ ಸೊಗಸು. ಕಾಮಿಕ್ಸ್‌ನಲ್ಲಿ ಪೀಟರ್ ಬಲೆ ಹಾರಿಸುವ ಯಂತ್ರವನ್ನು ತಾನೇ ಮಾಡಿಕೊಳ್ಳುತ್ತಾನೆ. 2002ರಲ್ಲಿ ಬಲೆ ಅವನ ಮಣಿಕಟ್ಟಿನಿಂದಲೇ ಬರುತ್ತದೆ, ಹದಿಹರೆಯದಲ್ಲಿ ಮೈ ಬದಲಾಗುವ ಮುಜುಗರಕ್ಕೆ ಅದು ಹೊಂದಿಕೊಂಡಿತು. ಆದರೆ ಪೀಟರ್ ಒಳಗಿನ ವಿಜ್ಞಾನಿ ಕಾಣೆಯಾದ. 2012 ಯಂತ್ರವನ್ನು ವಾಪಸ್ ತಂದಿತು, ಆದರೆ ಬಲೆಯ ಎಳೆ ಮಾತ್ರ ಆಸ್ಕಾರ್ಪ್ ಕಂಪನಿಯದು. ಹುಡುಗ ಜಾಣ, ಆದರೆ ಪೂರ್ತಿ ತನ್ನದೇ ಕೈಕೆಲಸ ಅಲ್ಲ.

ಹೀರೊನ ಒಳಮಾತು ಎಲ್ಲಿ ಹೋಯಿತು ಅಂತಲೂ ಹುಡುಕಿ. ಕಾಮಿಕ್ಸ್‌ನಲ್ಲಿ ತಲೆಯ ಮೇಲೆ ಮೋಡದ ಗುಳ್ಳೆ ಹಾಕಿದರೆ ಅವನ ಯೋಚನೆ ನಮಗೆ ಗೊತ್ತಾಗುತ್ತದೆ. 2002 ಅದಕ್ಕೆ ಮೊದಲಲ್ಲಿ ಮತ್ತು ಕೊನೆಯಲ್ಲಿ ಪೀಟರ್‌ನ ಧ್ವನಿ ಕೊಟ್ಟಿತು. 2012 ಆ ಕೆಲಸವನ್ನು ಗಾರ್ಫೀಲ್ಡ್‌ನ ಮೈಗೆ ವಹಿಸಿತು. ತಡವರಿಕೆ, ಅರ್ಧಕ್ಕೆ ನಿಲ್ಲುವ ಮಾತು, ಕಣ್ಣು ತಪ್ಪಿಸುವುದು. ಕಾರು ಕಳ್ಳನ ಕೈಯಲ್ಲಿ ಚಿಕ್ಕ ಚಾಕು ನೋಡಿ ಮಂಡಿಯೂರಿ, ಅಯ್ಯೋ ನನಗೆ ಅದೇ ಆಗದು ಅಂತ ಕಾಡುವ ಸೀನ್ ಇದೆಯಲ್ಲ, ಮುಖವಾಡ ಹಾಕಿದರೆ ಬಾಯಿ ಬಿಚ್ಚುವ ಕಾಮಿಕ್ಸ್‌ನ ಹುಡುಗ ಅವನೇ. ಈ ವಿಷಯದಲ್ಲಿ 2002 ಹಿಂದೆ ಬಿತ್ತು ಅಂತ ನಾನು ಧೈರ್ಯವಾಗಿ ಹೇಳುತ್ತೇನೆ.

ಬೇರೆ ಸಂಚಿಕೆಯಿಂದ ಎರವಲು

ಸಿನಿಮಾದವರು ಒಂದೇ ಸಂಚಿಕೆಯಿಂದ ಕಥೆ ತೆಗೆಯುವುದಿಲ್ಲ. 2002ರ ಕ್ಲೈಮ್ಯಾಕ್ಸ್‌ನಲ್ಲಿ ಖಳನಾಯಕ ಗ್ರೀನ್ ಗಾಬ್ಲಿನ್, ಪೀಟರ್ ಪ್ರೀತಿಸುವ ಮೇರಿ ಜೇನ್‌ಳನ್ನು ಸೇತುವೆಯ ಮೇಲಿಂದ ಕೈಬಿಡುತ್ತಾನೆ, ಸ್ಪೈಡರ್‌ಮ್ಯಾನ್ ಉಳಿಸುತ್ತಾನೆ. ಕಾಮಿಕ್ಸ್‌ನಲ್ಲಿ ಗಾಬ್ಲಿನ್ ಸೇತುವೆಯಿಂದ ಬೀಳಿಸಿದ್ದು ಪೀಟರ್‌ನ ಪ್ರೇಯಸಿ ಗ್ವೆನ್ ಸ್ಟೇಸಿಯನ್ನು. 1973ರ ‘ದಿ ಅಮೇಝಿಂಗ್ ಸ್ಪೈಡರ್‌ಮ್ಯಾನ್’ ಕಾಮಿಕ್ಸ್‌ನ 121ನೇ ಸಂಚಿಕೆ. ಬಲೆ ಅವಳನ್ನು ಹಿಡಿಯಿತು, ಆದರೂ ಅವಳು ಉಳಿಯಲಿಲ್ಲ. ಅದನ್ನು ಓದಿದವರಿಗೆ 2002ರ ಸೇತುವೆಯ ಮೇಲೆ ಉಸಿರು ನಿಂತ ಹಾಗಾಗುತ್ತದೆ, ಓದದವರಿಗೆ ಅದು ಇನ್ನೊಂದು ಸಾಹಸ ದೃಶ್ಯ.

ನನ್ನನ್ನು ಜಾಸ್ತಿ ಕಾಡಿದ್ದು ಪೊಲೀಸ್ ಕ್ಯಾಪ್ಟನ್ ಸ್ಟೇಸಿ, ಗ್ವೆನ್‌ಳ ಅಪ್ಪ. ಅದೇ ಕಾಮಿಕ್ಸ್‌ನ 1970ರ 90ನೇ ಸಂಚಿಕೆಯಲ್ಲಿ ಸಾಯುವಾಗ ಆತ ಪೀಟರ್‌ಗೆ ಹೇಳುವುದು, ನನ್ನ ಮಗಳನ್ನು ಚೆನ್ನಾಗಿ ನೋಡಿಕೋ ಅಂತ. 2012ರಲ್ಲಿ ಸಾಯುವಾಗ ಆತ ಮಾತು ತೆಗೆದುಕೊಳ್ಳುವುದು ಅದಕ್ಕೆ ಪೂರ್ತಿ ಉಲ್ಟಾ, ನನ್ನ ಮಗಳಿಂದ ದೂರ ಇರು ಅಂತ. ಕಾಮಿಕ್ಸ್‌ನಲ್ಲಿ ಅಪ್ಪನ ನಂಬಿಕೆ ಭಾರ, ಇಲ್ಲಿ ಅಪ್ಪನ ಭಯ ಭಾರ. ಸಿನಿಮಾದ ಕೊನೆಯಲ್ಲಿ ಪೀಟರ್ ಆ ಮಾತು ಮುರಿಯಲು ಹೊರಟಿದ್ದಾನೆ ಅನ್ನುವ ಸೂಚನೆ ಸಿಗುತ್ತದೆ, ಗ್ವೆನ್ ಮುಖದಲ್ಲಿ ನಗು. 2002ರ ಪೀಟರ್ ಮಾಡಿದ್ದು ಇದರ ವಿರುದ್ಧ. ಯಾರೂ ಅವನಿಂದ ಮಾತು ತೆಗೆದುಕೊಂಡಿರಲಿಲ್ಲ, ಆದರೂ ಮೇರಿ ಜೇನ್ ಪ್ರೀತಿಸುತ್ತೇನೆ ಅಂದಾಗ ಬರೀ ಸ್ನೇಹ ಕೊಡಬಲ್ಲೆ ಅಂತ ಬೆನ್ನು ತಿರುಗಿಸಿ ನಡೆದ. ಒಬ್ಬ ಜವಾಬ್ದಾರಿಗೆ ಪ್ರೀತಿ ಬಿಟ್ಟ, ಇನ್ನೊಬ್ಬ ಪ್ರೀತಿಗೆ ಮಾತು ಬಿಟ್ಟ. ಕಳ್ಳನ ಸೀನಿನಲ್ಲಿ ನೋಡಿದ ವ್ಯತ್ಯಾಸವೇ ಇಲ್ಲಿ ದೊಡ್ಡದಾಗಿ ಬಂದಿದೆ. ಪಾಠ ಕಲಿತು ಮುಗಿಸಿದವನು ಮತ್ತು ಇನ್ನೂ ಕಲಿಯುತ್ತಿರುವವನು.

ತೆರೆಕಂಡ ಕಾಲ

ಸಿನಿಮಾ ಬಂದಾಗ ಲೋಕದಲ್ಲಿ ಏನು ನಡೆಯುತ್ತಿತ್ತು ಅಂತ ನೋಡಿಕೊಳ್ಳಿ. 2002ರ ಸಿನಿಮಾದ ಮೊದಲ ಟ್ರೇಲರ್‌ನಲ್ಲಿ ನ್ಯೂಯಾರ್ಕ್‌ನ ಅವಳಿ ಗೋಪುರಗಳ ನಡುವೆ ಬಲೆ ಕಟ್ಟಿ ಹೆಲಿಕಾಪ್ಟರ್ ಹಿಡಿಯುವ ದೃಶ್ಯ ಇತ್ತು. 2001ರ ಸೆಪ್ಟೆಂಬರ್ 11ರ ದಾಳಿ ಆದಮೇಲೆ ಅದನ್ನು ವಾಪಸ್ ತೆಗೆದರು. ಆ ಸಿನಿಮಾದಲ್ಲಿ ಸೇತುವೆಯ ಮೇಲೆ ನಿಂತ ಸಾಮಾನ್ಯ ಜನ ಗಾಬ್ಲಿನ್ ಮೇಲೆ ಕೈಗೆ ಸಿಕ್ಕಿದ್ದನ್ನೆಲ್ಲ ಎಸೆಯುವುದನ್ನು ಇದರ ಜೊತೆ ಇಟ್ಟು ನೋಡಿ, ಬೇರೆಯೇ ಬಿಸಿ ತಟ್ಟುತ್ತದೆ.

2012ರಲ್ಲೂ ಜನ ಸಹಾಯಕ್ಕೆ ಬರುತ್ತಾರೆ, ಬೀದಿಯುದ್ದಕ್ಕೂ ಕ್ರೇನ್‌ಗಳನ್ನು ತಿರುಗಿಸಿ ಗಾಯಗೊಂಡ ಸ್ಪೈಡರ್‌ಮ್ಯಾನ್‌ಗೆ ದಾರಿ ಮಾಡಿಕೊಡುತ್ತಾರೆ. ಆದರೆ ಅಲ್ಲಿ ಕಾರಣ ಊರಿನ ಸಿಟ್ಟಲ್ಲ, ಒಬ್ಬ ಅಪ್ಪನ ಋಣ. ಅವನ ಮಗ ಸೇತುವೆಯಿಂದ ನೇತಾಡುವ ಕಾರಿನಲ್ಲಿ ಸಿಕ್ಕಿಕೊಂಡಿದ್ದಾಗ ಪೀಟರ್ ತನ್ನ ಮುಖವಾಡ ತೆಗೆದು ಆ ಮಗುವಿಗೆ ಕೊಡುತ್ತಾನೆ, ಇದನ್ನು ಹಾಕಿಕೋ ಧೈರ್ಯ ಬರುತ್ತದೆ ಅಂತ. ಬೆಂಕಿ ಹತ್ತುತ್ತಿರುವ ಕಾರು, ಪುಟ್ಟ ತಲೆಗೆ ದೊಡ್ಡದಾದ ಮುಖವಾಡ, ಮಗು ನಿಧಾನಕ್ಕೆ ಮೇಲೆ ಹತ್ತುತ್ತದೆ. ನನ್ನ ಮೆಚ್ಚಿನ ಸಿನಿಮಾ 2002ರದ್ದೇ. ಆದರೂ ಎರಡರಲ್ಲೂ ಸೇರಿಸಿ ಒಂದೇ ಸೀನ್ ಉಳಿಸಿಕೋ ಅಂದರೆ ನಾನು ಇದನ್ನು ಉಳಿಸಿಕೊಳ್ಳುತ್ತೇನೆ.

ಬಿಡಬೇಕಾದವು

ಗಳಿಕೆಯ ಲೆಕ್ಕ ಒಂದು ಸಾಲಿಗಿಂತ ಜಾಸ್ತಿ ಬೇಡ. 2002ರ ಸಿನಿಮಾ ಅಮೆರಿಕದಲ್ಲಿ ಮೊದಲ ವಾರಾಂತ್ಯಕ್ಕೇ 10 ಕೋಟಿ ಡಾಲರ್ ದಾಟಿದ ಮೊದಲ ಸಿನಿಮಾ. ಅದರಿಂದ ಬೆನ್ ಸೀನ್ ಬಗ್ಗೆ ಏನೂ ತಿಳಿಯುವುದಿಲ್ಲ. ಗ್ರಾಫಿಕ್ಸ್ ಹೋಲಿಕೆಯೂ ಅಷ್ಟೇ, ಹತ್ತು ವರ್ಷ ಆಮೇಲೆ ಬಂದದ್ದು ನುಣುಪಾಗಿ ಕಂಡರೆ ಆಶ್ಚರ್ಯ ಏನಿಲ್ಲ. ಸಂಗೀತದ ಬಗ್ಗೆ ಬರೆಯುವುದಾದರೆ ಡ್ಯಾನಿ ಎಲ್ಫ್‌ಮನ್ ಮತ್ತು ಜೇಮ್ಸ್ ಹಾರ್ನರ್ ಇಬ್ಬರ ಶೀರ್ಷಿಕೆ ಸಂಗೀತವನ್ನು ಕಣ್ಣು ಮುಚ್ಚಿ ಕೇಳಿ, ಮನಸ್ಸಿಗೆ ಬಂದದ್ದನ್ನು ಎರಡು ವಾಕ್ಯದಲ್ಲಿ ಬರೆಯಿರಿ, ಸಾಕು.

ಸೀಕ್ವೆಲ್‌ಗಳನ್ನೂ ಎಳೆದು ತರಬೇಡಿ. 2007ರ ಮೂರನೇ ಭಾಗ ಬೆನ್‌ನನ್ನು ಕೊಂದವನು ಬೇರೆ ಅಂತ ಕಥೆ ತಿರುಗಿಸಿತು. ಅದನ್ನು 2002ರ ತಪ್ಪು ಅಂತ ಲೆಕ್ಕ ಹಾಕುವುದು ನ್ಯಾಯ ಅಲ್ಲ.

ಬರೆಯಲು ಕೂತಾಗ

ಮೊದಲ ಸಾಲಿನಲ್ಲಿ ತೀರ್ಪು ಹಾಕಬೇಡಿ. ಸೀನಿನಿಂದ ಶುರು ಮಾಡಿ. ಲಿಫ್ಟಿನ ಬಾಗಿಲು, ಹಾಲಿನ ಡಬ್ಬ, ಹೀಗೆ ಕಣ್ಣಿಗೆ ಕಾಣುವುದರಿಂದ. ಒಂದು ಪ್ಯಾರಾ ಅದು, ಒಂದು ಪ್ಯಾರಾ ಇದು ಅಂತ ಸಮನಾಗಿ ಹಂಚುವ ಅಗತ್ಯ ಇಲ್ಲ. ಹೇಳುವುದು ಎಲ್ಲಿ ಜಾಸ್ತಿ ಇದೆಯೋ ಅಲ್ಲಿ ನಿಲ್ಲಿ. ನಿಮಗೆ ಇಷ್ಟವಾಗದ ಸಿನಿಮಾ ಯಾವ ವಿಷಯದಲ್ಲಿ ಗೆದ್ದಿದೆ ಅಂತ ಒಂದಾದರೂ ಹುಡುಕಿ ಬರೆಯಿರಿ, ಅದು ಸಿಗದಿದ್ದರೆ ಇನ್ನೊಮ್ಮೆ ನೋಡಿ. ಅಂಕ, ನಕ್ಷತ್ರ ಸುಮ್ನೆ ಬಿಡಿ. ಬರೆದದ್ದನ್ನು ಆ ಇನ್ನೊಂದು ಸಿನಿಮಾವನ್ನು ಪ್ರೀತಿಸುವ ಗೆಳೆಯರಿಗೆ ಮೊದಲು ಕೊಡಿ. ಅವರು ವಾದ ಮಾಡಲಿ, ಆದರೆ ನಮ್ಮ ಸಿನಿಮಾ ಇವನು ಸರಿಯಾಗಿ ನೋಡಿಲ್ಲ ಅನ್ನುವ ಹಾಗೆ ಇರಬಾರದು.

ಇದೇ ಪುಸ್ತಕ ಇಟ್ಟುಕೊಂಡು ಆಮೇಲೆ 2017ರ ‘ಸ್ಪೈಡರ್‌ಮ್ಯಾನ್: ಹೋಮ್‌ಕಮಿಂಗ್’ ನೋಡಿ. ಅದರಲ್ಲಿ ಜೇಡ ಕಚ್ಚುವುದನ್ನು ತೋರಿಸುವುದಿಲ್ಲ, ಆ ಕಳ್ಳ ಇಲ್ಲ, ಬೆನ್ ಅಂಕಲ್ ಸಾವೂ ಇಲ್ಲ. ಆ ಪ್ರಸಿದ್ಧ ಮಾತು ಈ ಪೀಟರ್‌ಗೆ ಸಿಗುವುದು 2021ರ ಸಿನಿಮಾದಲ್ಲಿ, ಅದೂ ಮೇ ಆಂಟಿಯ ಬಾಯಿಂದ. ಬೆನ್ ಹೆಸರು ಬರೆದಿಟ್ಟ ನಿಮ್ಮ ಪುಟ 2017ರ ಮುಂದೆ ಖಾಲಿ ಉಳಿಯುತ್ತದೆ. ಆ ಸಿನಿಮಾದ ಬಗ್ಗೆ ಬರೆಯುವಾಗ ಆ ಖಾಲಿ ಪುಟದಿಂದಲೇ ಶುರು ಮಾಡಿ.